ಹನುಮಮ್ಮನ ವಯಸ್ಸು

"ಒಂಬತ್ತು ವರ್ಷಕ್ಕ ಹಡದೀನೇನ್ರಿ ನಾನು? ಈ ಕಾರ್ಡ್ ಖರೇ ಅಂದ್ರ ಹಂಗ ಆಗತದ. ನೀವ ನೋಡ್ರಿ, ಲೆಕ್ಕ ಕಲತೋರು ನೀವು."

ಸುಂದ್ರಮ್ಮ ಎರಡು ಕಾಗದಗಳನ್ನು ಮೇಜಿನ ಮೇಲೆ ಪಕ್ಕಪಕ್ಕಕ್ಕೆ ಇಟ್ಟಳು. ಒಂದು ಅವಳದೇ ಗುರುತಿನ ಕಾರ್ಡು. ಹುಟ್ಟಿದ ದಿನ ೧೯೭೧ರ ಜನವರಿ ಒಂದು. ಇನ್ನೊಂದು ಅವಳ ಹಿರಿಮಗಳು ಶಾಲೆ ಬಿಟ್ಟಾಗ ಕೊಟ್ಟ ದಾಖಲೆ. ಮಗಳು ಹುಟ್ಟಿದ್ದು ೧೯೮೦ರಲ್ಲಿ. ಸಂಘಮಿತ್ರಾ ಎರಡನ್ನೂ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಓದಿದಳು. ಕನ್ನಡಕದಲ್ಲಿ ಏನೂ ಕೊಳೆ ಇರಲಿಲ್ಲ.

ಶಹಾಪುರದ ಬಸ್ ನಿಲ್ದಾಣದ ಹಿಂದೆ, ಬೀಜ ಗೊಬ್ಬರದ ಅಂಗಡಿಯ ಮಾಳಿಗೆ ಮೇಲಿನ ಒಂದು ಕೋಣೆ ಇದು. ಕೂಲಿ ಹೆಂಗಸರ ಪಿಂಚಣಿ ಸಂಘದ ಕಚೇರಿ. ಸುರಪುರ, ಕೆಂಭಾವಿ, ವಡಗೇರಾ ಕಡೆಯ ಹೆಂಗಸರು ಕೂಲಿಯಲ್ಲಿ ತಿಂಗಳಿಗಿಷ್ಟು ಅಂತ ಇಲ್ಲಿ ಕಟ್ಟುತ್ತಾರೆ. ಅರವತ್ತು ತುಂಬಿದ ಮೇಲೆ ಸಂಘವೇ ಅವರಿಗೆ ಸಾಯುವತನಕ ತಿಂಗಳ ಪಗಾರ ಕೊಡಬೇಕು. ಪಿಂಚಣಿ ಅನ್ನುವ ಮಾತು ಬೋರ್ಡಿನ ಮೇಲಷ್ಟೇ ಇದೆ. ಹೆಂಗಸರ ಬಾಯಲ್ಲಿ ಅದು ಪಗಾರ.

ಈ ಪಗಾರದ ಲೆಕ್ಕ ಕಟ್ಟಿಕೊಟ್ಟವಳು ಸಂಘಮಿತ್ರಾ. ಶಹಾಪುರದಲ್ಲೇ ಹುಟ್ಟಿ ಬೆಳೆದು ಮುಂಬೈಯ ವಿಮಾ ಕಂಪನಿಯೊಂದರಲ್ಲಿ ಹದಿನಾರು ವರ್ಷದಿಂದ ಇದ್ದಾಳೆ. ಎಷ್ಟು ಮಂದಿ ಎಷ್ಟು ವರ್ಷ ಬದುಕುತ್ತಾರೆ, ಅವರ ಮುಪ್ಪಿಗೆ ಈಗಲೇ ಎಷ್ಟು ಕೂಡಿಡಬೇಕು ಎಂದು ಲೆಕ್ಕ ಹಾಕುವುದು ಅವಳ ಕೆಲಸ. ಆ ಕೆಲಸದವರಿಗೆ ಆಕ್ಚುವರಿ ಅನ್ನುತ್ತಾರೆ. ಊರಲ್ಲಿ ಆ ಮಾತು ಯಾರ ನಾಲಿಗೆಗೂ ಹೊರಳದು. ಅವಳ ತಾಯಿ ಸಾವಿತ್ರಿಬಾಯಿ ಮಾತ್ರ ಕೇಳಿದವರಿಗೆಲ್ಲ "ನಮ್ಮ ಹುಡುಗಿ ಸಾಯೋರ ಲೆಕ್ಕ ಬರೀತಾಳ" ಎಂದು ಹೇಳಿ ಅವರನ್ನು ಬೆಚ್ಚಿಬೀಳಿಸುತ್ತಿದ್ದರು.

ಅವಳ ಕಂಪನಿಯಲ್ಲಿ ಹಿಂದೆ ಒಂದು ಪದ್ಧತಿ ಇತ್ತು. ಹೆಂಗಸರು ಗಂಡಸರಿಗಿಂತ ಹೆಚ್ಚು ವರ್ಷ ಬದುಕುತ್ತಾರೆ, ಆದ್ದರಿಂದ ಅವರಿಗೆ ತಿಂಗಳಿಗೆ ಕಡಿಮೆ ಕೊಡಬೇಕು. ಲೆಕ್ಕ ತಪ್ಪಿರಲಿಲ್ಲ, ಅದೇ ಅದರ ತೊಂದರೆ. ಸಂಘಮಿತ್ರಾ ಐದು ವರ್ಷ ಜಗಳವಾಡಿ, ಮೇಲಿನವರಿಂದ ಬೈಸಿಕೊಂಡು, ಒಂದು ಬಡ್ತಿಯನ್ನೂ ಕಳಕೊಂಡು ಆ ಪದ್ಧತಿ ತೆಗೆಸಿದಳು. ಆಮೇಲೆ ಊರಿನ ಈ ಸಂಘಕ್ಕೆ ಪುಕ್ಕಟೆ ಲೆಕ್ಕ ಹಾಕಿಕೊಟ್ಟಳು. ವರ್ಷಕ್ಕೊಮ್ಮೆ ಬಂದು ಎಲ್ಲ ಸರಿ ಇದೆಯೇ ಎಂದು ನೋಡಿ ಹೋಗುತ್ತಾಳೆ. ಸರಿ ಇರಲಿಲ್ಲ, ಅದೂ ಅವಳಿಗೆ ಗೊತ್ತಿತ್ತು.

ಸುಂದ್ರಮ್ಮನ ಊರು ಕೊಂಕಲ್ ಒಂದರಲ್ಲೇ ಹತ್ತೊಂಬತ್ತು ಹೆಂಗಸರು ೧೯೭೧ರ ಜನವರಿ ಒಂದರಂದು ಹುಟ್ಟಿದ್ದರು! ಅಷ್ಟು ಹೆರಿಗೆ ಒಂದೇ ದಿನ ಮಾಡಿಸಲು ಆ ಊರಲ್ಲಿ ಸೂಲಗಿತ್ತಿಯರಾದರೂ ಎಷ್ಟಿದ್ದರು? ಒಂಬತ್ತು ವರ್ಷದ ಕೆಳಗೆ ಮೊದಲ ಸಲ ಸಂಘದ ಸದಸ್ಯರ ಪಟ್ಟಿ ನೋಡಿದಾಗ ಸಂಘಮಿತ್ರಾ ನಕ್ಕಿದ್ದಳು. ಒಬ್ಬಳದು ಹೆಚ್ಚಿರುತ್ತದೆ, ಒಬ್ಬಳದು ಕಡಿಮೆ ಇರುತ್ತದೆ, ಸರಾಸರಿಯಲ್ಲಿ ಸರಿಹೋಗುತ್ತದೆ ಎಂದು ಅಂಚಿನಲ್ಲಿ ಬರೆದು ಮುಂದೆ ಹೋಗಿದ್ದಳು.

"ಇದು ಹ್ಯಾಂಗಾತು ಹೇಳಬೇ," ಎಂದಳು ಈಗ.

"ಏನ್ ಹೇಳ್ಲಿ ತಂಗಿ. ಕಾರ್ಡ್ ಮಾಡಾಕ ಊರಿಗಿ ಬಂದಿದ್ರಲ್ಲ, ಅವತ್ತು ನಮ್ಮ ಗುಂಪಿನೋರು ಎಲ್ಲಾರೂ ಸಾಲಾಗಿ ನಿಂತಿದ್ವಿ. ಮುಂದ ನಾನ ಇದ್ದೆ. ವಯಸ್ಸೆಷ್ಟು ಅಂದ್ರು. ನಲವತ್ತು ಬರೀರಿ ಅಂದೆ. ತಾರೀಖು ಗೊತ್ತಿಲ್ಲ ಅಂದಿದ್ದಕ್ಕ ಜನವರಿ ಒಂದು ಹಾಕಿದ್ರು. ಹಿಂದಿನಾಕಿ ನಂದೂ ಅಷ್ಟ ಬರೀರಿ ಅಂದಳು. ಅಕಿ ಹಿಂದಿನಾಕಿನೂ ಹಂಗ ಅಂದಳು. ಹತ್ತೊಂಬತ್ತು ಮಂದೀನೂ ಹಂಗ ಬರಿಸಿದ್ವಿ."

"ಯಾಕಬೇ, ಹಂಗ ಯಾರರ ಬರಿಸ್ತಾರೇನು?"

"ಗುಂಪಂದ್ರ ಗುಂಪು. ಒಬ್ಬಾಕಿ ಮುದುಕಿ ಅಂತ ಕಾಗದದಾಗ ಬಂತಂದ್ರ ಮೇಸ್ತ್ರಿ ಅಕಿಗಿ ಅರ್ಧ ಕೂಲಿ ಮಾಡತಾನ. ಒಂದ ಸಾಲು ಹಿಡಿದು ಹತ್ತಿ ಬಿಡಿಸೋರಿಗಿ ಒಂದ ಕೂಲಿ, ಒಂದ ವಯಸ್ಸು. ಅವತ್ತಿಗಿ ಅದು ಶಾಣ್ಯಾತನ ಆಗಿತ್ತು."

ಮೇಜಿನ ಆಚೆ ಕೂತಿದ್ದ ಪಂಪಣ್ಣ ಗಂಟಲು ಸರಿಮಾಡಿಕೊಂಡರು. ಇವರು ಸಂಘದ ಕಾರ್ಯದರ್ಶಿ. ಕೊಂಕಲ್‌ನ ಸಾವಕಾರ ಮನೆತನದವರು, ಸಹಕಾರ ಸೊಸೈಟಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಬಿಡಿಗಾಸು ಪಡೆಯದೆ ದುಡಿಯುತ್ತಾರೆ. ಹಾಗೆಂದು ಬಿಡಿಗಾಸು ಬಿಡುವವರೂ ಅಲ್ಲ.

"ಮೇಡಂ, ನಿಯಮ ಬರದೋರು ನೀವ. ವಯಸ್ಸಿಗಿ ಕಾರ್ಡ್ ಅಂದ್ರ ಕಾರ್ಡ್, ಬಾಯಿಮಾತು ನಡಿಯಂಗಿಲ್ಲ ಅಂತ ಬರದೀರಿ. ಇವತ್ತು ಇಕಿ ಒಬ್ಬಾಕಿಗಿ ಬಾಗಿಲಾ ತಗದ್ರ ನಾಳಿಗಿ ಇಡೀ ಜಿಲ್ಲಾ ಅರವತ್ತರ ಮ್ಯಾಲ ಹೋಗತದ. ಆಮ್ಯಾಲ ಪೆಟ್ಟಿಗಿ ಖಾಲಿ. ಖರೇ ಮುದುಕಿಯರು ಬಂದಾಗ ನಾ ಏನ್ ಕೊಡ್ಲಿ?"

"ದೇವ್ರು ವರ ಕೊಟ್ರೂ ಪೂಜಾರಿ ಕೊಡಂಗಿಲ್ಲ," ಎಂದಳು ಸುಂದ್ರಮ್ಮ, ಯಾರ ಮುಖವನ್ನೂ ನೋಡದೆ.

ಪಂಪಣ್ಣನ ಮಾತು ಸುಳ್ಳಲ್ಲ. ಅದು ಸಂಘಮಿತ್ರಾಳಿಗೆ ಅವರಿಗಿಂತ ಚೆನ್ನಾಗಿ ಗೊತ್ತು. ಅರ್ಧ ತಾಸು ಮೂವರೂ ವಾದ ಮಾಡಿದರು. ಕೊನೆಗೆ ಒಂದು ದಾರಿ ಸಿಕ್ಕಿತು. ಬಾಯಿಮಾತು ಬೇಡ. ಹಿರಿಮಗುವಿನ ಶಾಲೆಯ ದಾಖಲೆ ಇದ್ದರೆ ಮೊದಲ ಹೆರಿಗೆ ಹದಿನೇಳಕ್ಕೆ ಎಂದು ಹಿಡಿದು ಆ ಮಗುವಿನ ವಯಸ್ಸಿಗೆ ಅಷ್ಟು ಕೂಡಿಸುವುದು, ಅದೇ ತಾಯಿಯ ವಯಸ್ಸು. ಆ ಪ್ರಕಾರ ಸುಂದ್ರಮ್ಮನಿಗೆ ಅರವತ್ತೆರಡು. ಪಂಪಣ್ಣ ಎರಡು ಸಲ ಕೂಡಿಸಿ ನೋಡಿ, ಒಪ್ಪಿ, ಸಹಿ ಹಾಕಿದರು.

ಸುಂದ್ರಮ್ಮ ಸಹಿ ನೋಡಿದಳು, ಆದರೆ ಏಳಲಿಲ್ಲ.

"ನಂದು ಆತು. ನಾ ಬಂದಿದ್ದು ಇಕಿ ಸಂಬಂಧ," ಎಂದು ಬಾಗಿಲ ಕಡೆ ಕೈ ಮಾಡಿದಳು.

ಬಾಗಿಲ ಪಕ್ಕ ಗೋಡೆಗೆ ಒರಗಿ ಹನುಮಮ್ಮ ಕೂತಿದ್ದಳು. ಸುಂದ್ರಮ್ಮನ ಜೊತೆಗೇ ಬಂದವಳು. ನೇರ ಕೂತರೂ ಬೆನ್ನು ಬಾಗಿಯೇ ಇತ್ತು. ಮಕ್ಕಳಿಲ್ಲ. ಗಂಡ ಸತ್ತ ಮೇಲೆ ತವರೂರು ಕೊಂಕಲ್‌ಗೆ ಬಂದು ಒಬ್ಬಳೇ ಇದ್ದಾಳೆ. ಹೋದ ವಾರ ಹತ್ತಿ ಹೊಲದಲ್ಲಿ ಸಾಲಿನ ನಡುವೆ ಬಿದ್ದಳು. ಮೇಸ್ತ್ರಿ ಸೋಮವಾರ ಒಂದು ದಿನ ನೋಡುತ್ತೇನೆ, ಮತ್ತೆ ಬಿದ್ದರೆ ಕರೆಯುವುದಿಲ್ಲ ಎಂದಿದ್ದಾನೆ. ಪಗಾರ ಬಂದರೆ ಅವಳು ಮನೆಯಲ್ಲಿರಬಹುದು. ಬರದಿದ್ದರೆ ಬೀಳುವತನಕ ಹೋಗಬೇಕು. ಆ ಹತ್ತೊಂಬತ್ತು ಮಂದಿಯಲ್ಲಿ ಅವಳೂ ಒಬ್ಬಳು, ಕಾರ್ಡಿನ ಪ್ರಕಾರ ಅವಳಿಗೂ ಐವತ್ನಾಲ್ಕು, ಇನ್ನೂ ಆರು ವರ್ಷ ಕಾಯಬೇಕು.

"ಹಿರಿಮಗು ಅಂತ ನಿಯಮ ಆತು," ಎಂದರು ಪಂಪಣ್ಣ. ಅವರ ದನಿ ಯಾಕೋ ಸಣ್ಣದಾಗಿತ್ತು. "ಇಕಿಗಿ ಮಕ್ಕಳಿಲ್ಲ."

ಸಂಘಮಿತ್ರಾಳಿಗೆ ನಾಚಿಕೆಯಾಯಿತು. ಈಗಷ್ಟೇ ಬರೆದ ನಿಯಮದ ಶಾಯಿ ಆರಿರಲಿಲ್ಲ, ಆಗಲೇ ಒಬ್ಬಳು ಹೊರಗೆ ಉಳಿದಿದ್ದಳು. ಸರಾಸರಿಗೆ ಬೆನ್ನು ಬಾಗುವುದಿಲ್ಲ, ಸರಾಸರಿ ಹತ್ತಿ ಸಾಲಿನಲ್ಲಿ ಬೀಳುವುದೂ ಇಲ್ಲ. ಕುರ್ಚಿ ಬಿಟ್ಟು ಎದ್ದುಹೋಗಿ ಹನುಮಮ್ಮನ ಎದುರು ನೆಲದ ಮೇಲೆ ಕೂತಳು.

"ಆಯಿ, ಸಣ್ಣಾಕಿ ಇದ್ದಾಗಿಂದು ಏನರ ನೆನಪದ ಏನು?"

"ಏನ್ ನೆನಪವ್ವ. ಕೂಸು ಎತ್ತಿದ್ದು ನೆನಪದ. ಬ್ಯಾರೆ ಏನ್ ಮಾಡೀನಿ?"

"ಆವಾಗ ಎಷ್ಟು ದೊಡ್ಡಾಕಿ ಇದ್ದಿ?"

"ಯಾರಿಗೊತ್ತು. ಮುಂದಿನ ಎರಡು ಹಲ್ಲು ಬಿದ್ದಿದ್ವು. ಕೂಸು ಬಗಲಾಗ ಕುಂತು ಆ ಸಂದ್ಯಾಗ ಬೊಟ್ಟು ಹಾಕತಿತ್ತು. ಕಡಿದಂಗ ಮಾಡಿದ್ರ ಕಿಲಕಿಲ ನಗತಿತ್ತು." ಹನುಮಮ್ಮನ ಮುಖದಲ್ಲಿ ಮೊದಲ ಸಲ ಏನೋ ಆಡಿತು.

ಸಂಘಮಿತ್ರಾ ನೆಟ್ಟಗೆ ಕೂತಳು. ಮುಂದಿನ ಹಾಲುಹಲ್ಲು ಬೀಳುವುದು ಆರಕ್ಕೆ, ತಡವಾದರೆ ಏಳಕ್ಕೆ. ಅದರಲ್ಲಿ ಬಡವರು ಸಾವಕಾರರು ಎಂಬ ಭೇದವಿಲ್ಲ. ಆ ಕೂಸು ಹುಟ್ಟಿದ ದಿನ ಗೊತ್ತಾದರೆ ಸಾಕು.

"ಯಾರ ಕೂಸು ಆಯಿ ಅದು? ಹೆಸರು ಹೇಳು."

"ಊರಾಗಿಂದು ಭಾಳ ಕೂಸು ಎತ್ತೀನವ್ವ. ಹೆಣ್ಣು ಮದಿವಿಯಾಗಿ ಹೋದ್ವು. ಗಂಡು ಭಾಳಷ್ಟು ಮಣ್ಣಿಗಿ ಹೋದ್ವು."

"ಅಲ್ಲ, ಹಲ್ಲಿನ ಸಂದ್ಯಾಗ ಬೊಟ್ಟು ಹಾಕಿದ ಕೂಸು?"

ಹನುಮಮ್ಮ ತಲೆ ತಗ್ಗಿಸಿದಳು. "ದೊಡ್ಡೋರ ಮನಿ ಕೂಸು. ಹೆಸರು ಯಾಕ ಬಿಡವ್ವ. ಆಗದಿದ್ರ ಆಗವಲ್ದು, ಹೋಗತೀವಿ ನಾವು."

"ಏ ಮುದುಕಿ, ಹೇಳಬಾರ್ದೇನು!" ಸುಂದ್ರಮ್ಮ ರೇಗಿದಳು. ಅವಳು ವಡಗೇರಾದಿಂದ ಕೊಂಕಲ್‌ಗೆ ಸೊಸೆಯಾಗಿ ಬಂದವಳು, ಅವಳಿಗೂ ಗೊತ್ತಿರಲಿಲ್ಲ. "ನಿನ್ನ ಹೊಟ್ಟಿ ಪ್ರಶ್ನೆ ಅದು, ಅವ್ರ ಮಾನ ತಗೊಂಡು ನೀ ಏನ್ ಮಾಡತಿ?"

ಹನುಮಮ್ಮ ಏಳಲು ಗೋಡೆಗೆ ಕೈ ಊರಿದಳು. ಕೆಳಗೆ ಅಂಗಡಿಯಲ್ಲಿ ಯಾರೋ ಗೊಬ್ಬರದ ಚೀಲ ಇಳಿಸುತ್ತಿದ್ದರು.

"ಹದಿನೆಂಟನೇ ಜುಲೈ, ಐವತ್ತೇಳನೇ ಇಸವಿ," ಎಂದರು ಪಂಪಣ್ಣ. "ಬರಕೋರಿ ಮೇಡಂ."

"ಏನ್ರಿ ಅದು?"

"ಆ ಕೂಸು ಹುಟ್ಟಿದ ತಾರೀಖು. ಮೆಟ್ರಿಕ್ ಸರ್ಟಿಫಿಕೇಟ್ ಅದ, ನಾಳಿ ತಂದು ಕೊಡತೀನಿ." ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ಆ ಕೂಸು ನಾನ. ನಮ್ಮ ಮನ್ಯಾಗ ಮೂರು ವರ್ಷ ನನ್ನ ಹೊತ್ತಾಳ. ದಿನಕ್ಕ ಒಂದು ರೊಟ್ಟಿ ಕೊಡತಿದ್ರಂತ, ನಮ್ಮವ್ವ ಹೇಳತಿದ್ದಳು. ಇಕಿ ಬಾಗಿಲದಾಗ ಬಂದು ಕುಂತಾಗಿಂದ ಬಾಯಿ ಬಿಡಬೇಕಂತೀನಿ, ಬರವಲ್ದು. ನನಗ ನಾಚಿಕಿ ಆಗಾಕತ್ತದ, ಹನುಮಮ್ಮ."

"ಭಾಳ ಅಳತಿದ್ರಿ ಸಾವಕಾರ್ರ," ಎಂದಳು ಹನುಮಮ್ಮ. "ಇಳಿಸಿದ್ರ ಸಾಕು, ಹೊಯ್ಕೋತಿದ್ರಿ."

ಸುಂದ್ರಮ್ಮನಿಗೆ ನಗು ತಡೆಯಲಾಗಲಿಲ್ಲ. ಪಂಪಣ್ಣ ಮಾತ್ರ ಕಿಟಕಿಯ ಕಡೆ ತಿರುಗಿ ಕೂತರು. ಸಂಘಮಿತ್ರಾ ಅಲ್ಲೇ ನೆಲದ ಮೇಲೆ ಕಾಗದವಿಟ್ಟು ಲೆಕ್ಕ ಹಾಕಿದಳು. ಕೂಸಿಗೆ ವರ್ಷ ತುಂಬುವಾಗ ಎತ್ತಿದವಳಿಗೆ ಏಳು ಎಂದು ಹಿಡಿದಳು. ಕೂಡಿಸುವುದು ಕಳೆಯುವುದು ಮೂರನೇ ಕ್ಲಾಸಿನ ಹುಡುಗಿಗೂ ಬರುವಷ್ಟೇ ಇತ್ತು. ಆದರೂ ಅವಳು ಎರಡು ಸಲ ಹಾಕಿದಳು.

"ಅರವತ್ತು ಆತೇನವ್ವ?" ಹನುಮಮ್ಮ ಅಂಜುತ್ತ ಕೇಳಿದಳು.

"ಎಪ್ಪತ್ನಾಕು ಆಗ್ಯದ, ಆಯಿ."

ಸಂಘ ಶುರುವಾದ ದಿನವೇ ಇವಳಿಗೆ ಅರವತ್ತೈದು ಆಗಿತ್ತು. ಒಂಬತ್ತು ವರ್ಷ ಇವಳು ಹತ್ತಿ ಬಿಡಿಸಿದ ಕೂಲಿಯನ್ನು ತಂದು ಕಟ್ಟಿದ್ದಳು. ಎಲ್ಲ ಊರಿನ ಪಟ್ಟಿಯನ್ನೂ ಮತ್ತೆ ತೆಗೆಯಬೇಕು, ಪ್ರತಿಯೊಬ್ಬಳನ್ನೂ ಎದುರು ಕೂರಿಸಿಕೊಂಡು ಕೇಳಬೇಕು, ಪಡೆಯುವವರು ಹೆಚ್ಚಾದರೆ ಎಲ್ಲರ ಪಗಾರದಲ್ಲೂ ತುಸು ಕಡಿಮೆಯಾಗಬಹುದು. ಸಂಘಮಿತ್ರಾ ಇದನ್ನು ಪಂಪಣ್ಣನಿಗೆ ಹೇಳಿದಳು. ಅವರು ತಿರುಗದೆಯೇ ಹೂಂ ಅಂದರು.

"ಈ ತಿಂಗಳಿಂದನ ಪಗಾರ ಬರತದ, ಆಯಿ."

"ಹಂಗಾರ ಸೋಮವಾರ ಹತ್ತಿಗಿ ಹೋಗೂದು ಬ್ಯಾಡೇನು?"

"ಬ್ಯಾಡ."

"ಮಂಗಳವಾರ?"

"ಯಾವತ್ತೂ ಬ್ಯಾಡ ಆಯಿ. ಇನ್ನ ಸಾಕು."

ಹನುಮಮ್ಮ ಸಂಘಮಿತ್ರಾಳ ಮುಖವನ್ನೇ ನೋಡುತ್ತ ಕೇಳಿದಳು, "ಮತ್ತ ಮುಂಜಾನಿ ಎದ್ದು ಏನ್ ಮಾಡಬೇಕವ್ವ?"

ಸಂಘಮಿತ್ರಾ ಕಾಗದದ ಮೇಲಿನ ಲೆಕ್ಕವನ್ನು ಮತ್ತೊಮ್ಮೆ ನೋಡಿದಳು. ಹನುಮಮ್ಮ ಇನ್ನೂ ಅವಳನ್ನೇ ನೋಡುತ್ತಿದ್ದಳು, ಕಲಿತವಳು ಹೇಳುತ್ತಾಳೆ ಎಂದು ಕಾಯುತ್ತ. ಕಾಯುತ್ತಲೇ ನಡುವಿಗೆ ಸುತ್ತಿಕೊಂಡಿದ್ದ ಹತ್ತಿ ಬಿಡಿಸುವ ಬಟ್ಟೆಯ ಗಂಟು ಬಿಚ್ಚಿದಳು, ಜಾಡಿಸಿದಳು, ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡಳು. ಅದರಲ್ಲಿದ್ದ ಒಣ ಎಲೆಯ ಚೂರುಗಳು ನೆಲದ ಮೇಲೆ ಬಿದ್ದವು. ಅವನ್ನು ಒಂದೊಂದಾಗಿ ಆರಿಸತೊಡಗಿದಳು.