ಪರ್ಸಿ ಮೇಲಿನ ಕೆಂಪು ಹನಿ

ನನಗೆ ಸಿಟ್ಟು ಬೇಗ ಬರುತ್ತದೆ. ಬಂದದ್ದು ಬೇಗ ಹೋಗುವುದೂ ಇಲ್ಲ. ನಾರಾಯಣಖೇಡದ ಜೂನಿಯರ್ ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ, ತಲೆ ಇಷ್ಟಾದರೂ ನೆಟ್ಟಗಿರುವುದೇ ದೊಡ್ಡದು. ಈ ಫಾಲ್ಗುಣದಲ್ಲಿ ಅದನ್ನೂ ಕೆಡಿಸಲಿಕ್ಕೆ ಎರಡು ಸಂಗತಿ ಒಟ್ಟಿಗೇ ಗಂಟುಬಿದ್ದವು. ಒಂದು ನನ್ನ ಕಾರು. ಇನ್ನೊಂದು ಜಹೀರಾಬಾದಿನ ನಮ್ಮ ಮನೆಯ ಅಂಗಳದಲ್ಲಿ, ನೆಲಕ್ಕೆ ಹಾಸಿದ ಪರ್ಸಿ ಕಲ್ಲಿನ ಮೇಲೆ ದಿನಾ ಬೀಳುತ್ತಿದ್ದ ಕೆಂಪು ಹನಿ.

ಕಾರು ಹಳೆಯದು. ಕ್ಲಚ್ಚಿಲ್ಲದ, ತಾನೇ ಗೇರು ಬದಲಾಯಿಸಿಕೊಳ್ಳುವ ಗಾಡಿ. ಎಡಗಾಲಿಗೆ ನೋವಿದೆ ಅಂತ ಹುಡುಕಿ ಹುಡುಕಿ ಅದನ್ನೇ ಕೊಂಡಿದ್ದೆ. ಹೋದ ತಿಂಗಳಿನಿಂದ ಅದಕ್ಕೆ ಹೊಸ ಚಾಳಿ ಹತ್ತಿತ್ತು. ಗೇರು ಹಾಕಿದರೆ ಕೂಡಲೇ ಹೊರಡುವುದಿಲ್ಲ. ಒಂದು ಗಳಿಗೆ ಯೋಚಿಸಿ, ಆಮೇಲೆ ಹಿಂದಿನಿಂದ ಯಾರೋ ಒದ್ದಂತೆ ಮುಂದಕ್ಕೆ ಜಿಗಿಯುತ್ತದೆ. ನಾರಾಯಣಖೇಡದ ದಾರಿಯಲ್ಲಿ ಏರು ಬಂದರೆ ಇಂಜಿನ್ನು ಕೂಗುತ್ತದೆ, ಗಾಡಿ ಮಾತ್ರ ಅಲ್ಲೇ ತೆವಳುತ್ತದೆ.

ಇದಕ್ಕೆ ಸಲಹೆಗಳ ಕೊರತೆಯೇನೂ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ತೆಲುಗು ಕಲಿಸುವ ವಾಣಿಶ್ರೀ, ದೃಷ್ಟಿಯಾಗಿದೆ, ನಿಂಬೆಹಣ್ಣು ಕಟ್ಟಿಸು ಎಂದಳು. ನನ್ನ ಗಂಡ ಅಮರನಾಥ, "ಮೆಲ್ಲಗ ಹೊಡಿ," ಎಂದು ಟೀವಿಯ ಕಡೆ ತಿರುಗಿದರು. ಕಾಲೇಜಿನ ಹತ್ತಿರದ ಮೆಕ್ಯಾನಿಕ್ ಕಾಶಿರಾಮ ಗಾಡಿಯನ್ನು ಒಂದು ಸುತ್ತು ಓಡಿಸಿ ಬಂದು, ಕೀಲಿಕೈ ನನ್ನ ಕೈಗಿಟ್ಟು, ಸತ್ತವರ ಮನೆಗೆ ಬಂದವನ ಮುಖ ಮಾಡಿದ.

"ಗೇರ್ ಬಾಕ್ಸೇ ಹೋಗ್ಯಾದ ಮೇಡಂ. ಹೈದರಾಬಾದಕ್ಕ ಒಯ್ದು ಪೂರಾ ಬಿಚ್ಚಸ್ರಿ."

"ಕೆಳಗ ಬಗ್ಗಿ ನೋಡಿಯೇನಪಾ?"

"ನೋಡೋದೇನದರಿ, ಆವಾಜ್ ಕೇಳಿದ್ರ ತಿಳೀತದ."

ಬಾನೆಟ್ಟನ್ನೂ ಎತ್ತದೆ ತೀರ್ಪು ಕೊಟ್ಟಿದ್ದ. ಪಾಠ ಓದದೆ ಉತ್ತರ ಬರೆಯುವ ನನ್ನ ಹುಡುಗರಿಗೂ ಇವನಿಗೂ ಏನು ವ್ಯತ್ಯಾಸ ಎಂದು ಬೈದುಕೊಂಡೇ ಮನೆಗೆ ಬಂದೆ.

ಮನೆಗೆ ಬಂದರೆ ಕೆಂಪು ಹನಿ.

ನಮ್ಮ ಮಾವ ವೈಜಿನಾಥ ತಾಂಡೂರಿನಲ್ಲಿ ನಲವತ್ತು ವರ್ಷ ತೊಗರಿ ವ್ಯಾಪಾರ ಮಾಡಿದವರು. ಅಷ್ಟೂ ವರ್ಷ ಅವರ ಎಡದವಡೆಯಲ್ಲಿ ಜರ್ದಾ ಪಾನ್ ಇರುತ್ತಿತ್ತು. ಹೋದ ವರ್ಷ ಆಷಾಢದಲ್ಲಿ ಕೆನ್ನೆಯ ಒಳಗೆ ಬಿಳಿ ಮಚ್ಚೆ ಕಂಡಿತು. ಡಾಕ್ಟರು ಟಾರ್ಚು ಹಾಕಿ ನೋಡಿ, ಇದು ಇನ್ನೂ ಆ ರೋಗವಲ್ಲ, ಆದರೆ ಮತ್ತೆ ತಿಂದರೆ ಆಗುತ್ತದೆ ಎಂದು ಸ್ಪಷ್ಟವಾಗಿಯೇ ಹೇಳಿದರು. ಶ್ರಾವಣದ ಮೊದಲ ಸೋಮವಾರ ಮಾವ ಮಠಕ್ಕೆ ಹೋಗಿ, ಎದೆಯ ಮೇಲಿನ ಲಿಂಗ ಮುಟ್ಟಿಕೊಂಡು, ಇನ್ನು ತಿನ್ನುವುದಿಲ್ಲ ಎಂದು ಸ್ವಾಮಿಗಳ ಮುಂದೆ ಆಣೆ ಮಾಡಿದರು. ಆಮೇಲೆ ಒಂದು ತಿಂಗಳು ಅವರು ಅನ್ನದ ಮುಂದೆ ತುತ್ತು ಎತ್ತದೆ ಕೂತದ್ದನ್ನು ನಾನೇ ನೋಡಿದ್ದೇನೆ. ಲವಂಗ ಜಗಿದು ಜಗಿದು ನಾಲಿಗೆ ಸುಟ್ಟುಕೊಂಡಿದ್ದರು.

ಏಳು ತಿಂಗಳು ಹಾಗೇ ನಡೆಯಿತು. ಆಮೇಲೆ ಒಂದು ಸಂಜೆ ಕಾರನ್ನು ಗೇಟಿನೊಳಗೆ ತರುವಾಗ, ಅವರು ದಿನವಿಡೀ ಕೂರುವ ಕಟ್ಟೆಯ ಬುಡದಲ್ಲೇ, ಅವರೇ ತಾಂಡೂರಿನಿಂದ ಆರಿಸಿ ತಂದು ಹಾಸಿಸಿದ ಪರ್ಸಿಯ ಮೇಲೆ ಕೆಂಪು ಹನಿ ಕಂಡವು.

"ಮಾಮಾ, ಇದೇನ್ರಿ?" ಎಂದು ಕೇಳಿದೆ.

ಅವರು ಕನ್ನಡಕ ಏರಿಸಿ ಬಗ್ಗಿ ನೋಡಿದರು. "ನಂದಲ್ಲವ್ವಾ," ಎಂದರು.

ನಾನು ಕೇಳಿದ್ದು ಇದೇನು ಅಂತ. ಯಾರದು ಅಂತ ಕೇಳಿಯೇ ಇರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವವರನ್ನು ನಾನು ಪರೀಕ್ಷಾ ಹಾಲಿನಲ್ಲಿ ಬಹಳ ನೋಡಿದ್ದೇನೆ. ಅಲ್ಲಿಗೆ ನನ್ನ ಲೆಕ್ಕ ಮುಗಿಯಿತು.

ಸೋಪು ಹಾಕಿ ತಿಕ್ಕಿದೆ. ಕಲೆ ಜಿಡ್ಡುಜಿಡ್ಡಾಗಿ ಹರಡಿತೇ ಹೊರತು ಹೋಗಲಿಲ್ಲ. ಈಗಿನ ಜರ್ದಾದಲ್ಲಿ ಏನೇನು ಬೆರೆಸುತ್ತಾರೋ, ಇದು ಒಳಗೆ ಹೋದರೆ ಕರುಳು ಉಳಿಯುತ್ತದೆಯೇ ಎಂದು ಬೈಯುತ್ತಲೇ ತಿಕ್ಕಿದೆ. ಮರುದಿನವೂ ಸಂಜೆ ಬಂದಾಗ ಹನಿ. ಅದರ ಮರುದಿನವೂ. ಭಾನುವಾರ ನಾನು ಮನೆಯಲ್ಲೇ ಇದ್ದೆ, ಒಂದು ಹನಿಯೂ ಕಾಣಲಿಲ್ಲ. ಅಂದರೆ ನಾನಿಲ್ಲದಾಗ ಮಾತ್ರ ತಿನ್ನುತ್ತಾರೆ ಎಂದು ಪಕ್ಕಾ ಆಯಿತು. ಇಷ್ಟು ಶುದ್ಧವಾಗಿ ನಾನು ಕಾಲೇಜಿನಲ್ಲೂ ಯಾವ ಪ್ರಮೇಯವನ್ನೂ ಸಾಧಿಸಿರಲಿಕ್ಕಿಲ್ಲ.

ಸೋಮವಾರ ಸಂಜೆ ಮತ್ತೆ ಹನಿ ಕಂಡಾಗ ಬಾಯಿ ಬಿಟ್ಟೇಬಿಟ್ಟೆ.

"ತಿನ್ನೋದಿದ್ರ ಎದುರಿಗೇ ತಿನ್ರಿ ಮಾಮಾ. ಲಿಂಗಾ ಮುಟ್ಟಿ ಆಣಿ ಮಾಡಿ, ಹಿಂದಿಂದ ಹಿಂಗ ಯಾಕ?"

"ನಾ ತಿಂದಿಲ್ಲ."

"ಮತ್ತ ಇದು ಆಕಾಶದಿಂದ ಬಿತ್ತೇನು?"

ಅವರು ಎದ್ದು ನಿಂತರು. ಎಪ್ಪತ್ತೆರಡು ವರ್ಷದ ಮನುಷ್ಯ, ನನ್ನ ಮುಂದೆ ಸಣ್ಣ ಹುಡುಗನ ಹಾಗೆ ಬಾಯಿ ತೆರೆದರು. "ನೋಡವ್ವಾ, ನೀನೇ ನೋಡು," ಎಂದರು. ನಾನು ನೋಡಲಿಲ್ಲ. ಚೀಲ ಎತ್ತಿಕೊಂಡು ಒಳಗೆ ಹೋದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ನಾನು ತಾಂಡೂರಿನಲ್ಲಿರುವ ನಾದಿನಿ ಪ್ರೇಮಲಾಗೆ ಫೋನು ಮಾಡಿ, ನಿಮ್ಮ ಅಪ್ಪ ಮತ್ತೆ ಶುರು ಮಾಡಿದ್ದಾರೆ ಎಂದು ಹೇಳಿದೆ. ಅವಳು ಕೂಡಲೇ ಅಪ್ಪನಿಗೆ ಫೋನು ಹಚ್ಚಿ ಅಳಲಿಕ್ಕೆ ಹತ್ತಿದಳು. ಮಾವ ಅರ್ಧ ತಾಸು ಫೋನು ಕಿವಿಗೆ ಹಿಡಿದು ಕೂತಿದ್ದರು. "ಇಲ್ಲವ್ವಾ, ಇಲ್ಲವ್ವಾ" ಎಂಬುದೊಂದೇ ಮಾತು ಕೇಳಿಸುತ್ತಿತ್ತು. ಆ ರಾತ್ರಿ ಊಟ ಮಾಡಲಿಲ್ಲ. ನಾನೂ ಎರಡನೇ ಸಲ ಕರೆಯಲಿಲ್ಲ.

ಮರುದಿನ ಮಂಗಳವಾರ, ಕಾರು ಗೇಟಿನಿಂದ ಹಿಂದಕ್ಕೆ ಬರಲಿಕ್ಕೇ ಒಪ್ಪಲಿಲ್ಲ. ನಾಲ್ಕು ಸಲ ಗೇರು ಹಾಕಿ ತೆಗೆದ ಮೇಲೆ ಒಂದೇ ಏಟಿಗೆ ರಸ್ತೆಗೆ ಹಾರಿತು. ಇನ್ನು ಇದನ್ನು ಕಟ್ಟಿಕೊಂಡು ನಾರಾಯಣಖೇಡಕ್ಕೆ ಹೋಗುವುದು ಸಾಧ್ಯವಿಲ್ಲ ಎಂದು ಕಾಲೇಜಿಗೆ ರಜೆ ಹೇಳಿ, ಹೆದ್ದಾರಿಯ ಪಕ್ಕದ ಬಾಲರಾಜನ ಗ್ಯಾರೇಜಿಗೆ ಹೇಗೋ ಮುಟ್ಟಿಸಿದೆ.

ಬಾಲರಾಜನಿಗೆ ಐವತ್ತರ ಮೇಲಾಗಿದೆ. ಒಂದೇ ಮಾತಿನಲ್ಲಿ ಮೂರು ಭಾಷೆ ಆಡುತ್ತಾನೆ, ನಾವು ಆಡಿದ್ದನ್ನು ಮಾತ್ರ ಯಾವ ಭಾಷೆಯಲ್ಲೂ ಕೇಳುವುದಿಲ್ಲ. ನಾನು ಗಾಡಿಯ ಕಥೆಯನ್ನು ಮೊದಲಿನಿಂದ ಹೇಳುತ್ತಿದ್ದರೆ ಅವನು ಅದನ್ನು ಎತ್ತರಿಸಿ ನಿಲ್ಲಿಸಿ, ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ಅಡಿಯೆಲ್ಲ ಒರೆಸುತ್ತಿದ್ದ.

"ಒರಸೋದು ಆಮ್ಯಾಲ. ಮೊದಲ ಏನಾಗ್ಯಾದ ನೋಡು," ಎಂದು ರೇಗಿದೆ.

"ಮೊದಲ ಮಾರಿ ತೊಳೀಬೇಕ್ರಿ ಮೇಡಂ. ಆಮ್ಯಾಲ ಕಣ್ಣೀರು ಎಲ್ಲಿಂದ ಬರ್ಲತದ ಕಾಣ್ತದ."

ಒರೆಸಿ, ಒಣಗಿಸಿ, ನೆಲದ ಮೇಲೆ ಹಳೆಯ ತೆಲುಗು ಪೇಪರು ಹಾಸಿದ. ಇಂಜಿನ್ನು ಚಾಲೂ ಮಾಡಿ, ಬ್ರೇಕು ಒತ್ತಿಕೊಂಡು ಗೇರನ್ನು ಒಂದೊಂದಾಗಿ ಹಾಕಿ ತೆಗೆದ. ಆಮೇಲೆ ಚಹಾ ತರಿಸಿದ. ಹತ್ತು ನಿಮಿಷ ಕಾಯಬೇಕು ಎಂದ. ಕಾಯುವುದು ನನ್ನ ಜಾತಕದಲ್ಲೇ ಬರೆದಿಲ್ಲ, ಆದರೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ.

ಚಹಾ ಮುಗಿಯುವ ಮೊದಲೇ ಅವನು ಕರೆದ. "ಬರ್ರಿ ಇಲ್ಲಿ. ನೋಡ್ರಿ, ಗಾಡಿ ಹ್ಯಾಂಗ ಉಗುಳಲತದ."

"ಏನಂದಿ?"

"ಉಗುಳಲತದ ಅಂದೆ."

ಪೇಪರಿನ ಮೇಲೆ ಮೂರು ಹನಿ ಇದ್ದವು. ಕೆಂಪು. ನಾನು ನಾಲ್ಕೈದು ದಿನದಿಂದ ಸೋಪು ಹಚ್ಚಿ ತಿಕ್ಕುತ್ತಿದ್ದ ಅದೇ ಕೆಂಪು, ಅದೇ ಜಿಡ್ಡು. ಬಾಲರಾಜ ಒಂದು ಹನಿಯನ್ನು ಬೆರಳಿಗೆ ಹಚ್ಚಿ ಮೂಸಿ ನೋಡಿ, ನನ್ನ ಮೂಗಿನ ಹತ್ತಿರವೂ ಹಿಡಿದ.

"ಎಣ್ಣಿ ಕರ್ರಗ ಇರ್ತದಲ್ಲಾ?" ಎಂದೆ.

"ಅದು ಇಂಜಿನ್ನಿಂದು ರೀ, ಹಳೇದಾದ್ರ ಕರ್ರಗ ಆಗ್ತದ. ಇದು ಆಟೋಮ್ಯಾಟಿಕ್ ಗೇರಿನ ಎಣ್ಣಿ. ಇದರ ಬಣ್ಣಾನೇ ಕೆಂಪು. ಎಲ್ಲಿಂದ ಸೋರ್ಲತದ ಗುರ್ತು ಹತ್ತಲಿ ಅಂತ ಬಣ್ಣ ಹಾಕ್ಯಾರ." ಟಾರ್ಚು ಹಾಕಿ ತೋರಿಸಿದ. ಗೇರ್ ಬಾಕ್ಸಿನಿಂದ ಮುಂದಿನ ರೇಡಿಯೇಟರಿಗೆ ಹೋಗುವ ರಬ್ಬರ್ ಪೈಪಿನ ತುದಿಯಲ್ಲಿ ಬೆವರಿನ ಹಾಗೆ ಹನಿ ಕೂಡುತ್ತಿತ್ತು. "ಈ ಕ್ಲಿಪ್ ಸಡಲಾಗ್ಯಾದ, ಅಷ್ಟೇ. ಎಣ್ಣಿ ಕಮ್ಮಿ ಆಗಿ ಗೇರು ತಡಾ ಮಾಡಿ ಹಿಡೀಲತದ. ಮನಿ ಮುಂದ ಗಾಡಿ ನಿಂತಲ್ಲಿ ಕೆಂಪು ಬಿದ್ದಿರಬೇಕಲ್ಲಾ, ನೋಡಿಲ್ಲೇನು?"

ನೋಡಿದ್ದೆ. ದಿನಾ ನೋಡಿದ್ದೆ. ಭಾನುವಾರ ಯಾಕೆ ಕಾಣಲಿಲ್ಲ ಎಂಬುದೂ ಈಗ ಹೊಳೆಯಿತು. ಗಾಡಿ ನಿಲ್ಲುವುದೇ ಕಟ್ಟೆಯ ಬುಡದಲ್ಲಿ; ರಾತ್ರಿ ಅದರಡಿ ಬಿದ್ದದ್ದು ನಾನು ಸಂಜೆ ಮರಳುವಾಗ ಕಾಣುತ್ತಿತ್ತು, ಭಾನುವಾರ ಕಾರು ದಿನವಿಡೀ ಅದೇ ಹನಿಗಳ ಮೇಲೇ ನಿಂತಿತ್ತು.

ಬಾಲರಾಜ ಪೈಪಿನ ಗಟ್ಟಿಯಾದ ತುದಿಯನ್ನು ಒಂದು ಬೆರಳಿನಷ್ಟು ಕತ್ತರಿಸಿ ತೆಗೆದು, ಮತ್ತೆ ಕೂರಿಸಿ, ಹೊಸ ಕ್ಲಿಪ್ಪು ಹಾಕಿ ಬಿಗಿದ. ಇಂಜಿನ್ನು ಬಿಸಿಯಿರುವಾಗಲೇ ಕಡ್ಡಿ ಅದ್ದಿ ಅಳೆಯುತ್ತ ಕೆಂಪು ಎಣ್ಣೆ ಸ್ವಲ್ಪಸ್ವಲ್ಪವೇ ಹಾಕಿದ. ಹೊಸ ಪೇಪರು ಹಾಸಿ ಮತ್ತೆ ಕಾದ. ಪೇಪರು ಒಣಗಿಯೇ ಇತ್ತು. ನಾನು ಕೂತಲ್ಲೇ ಕಾಶಿರಾಮನನ್ನು ಬೈದೆ, ಗಂಡನನ್ನು ಬೈದೆ, ಕಾರು ಮಾರಿದವನನ್ನು ಬೈದೆ. ಬೈಯಲಿಕ್ಕೆ ಮಂದಿಯೆಲ್ಲ ಮುಗಿದ ಮೇಲೆ ಉಳಿದವಳು ನಾನೊಬ್ಬಳೇ. ಮಾವನಿಗೆ ಮೂರು ಸಲ ಫೋನು ಮಾಡಿದೆ. ಅವರು ಎತ್ತಲಿಲ್ಲ.

ಹನಿ ಬಿದ್ದ ಮೊದಲಿನ ಪೇಪರನ್ನು ಮಡಚಿ ಪಕ್ಕದ ಸೀಟಿನ ಮೇಲಿಟ್ಟುಕೊಂಡು ಹೊರಟೆ. ಗಾಡಿ ಬೆಣ್ಣೆಯ ಹಾಗೆ ಓಡುತ್ತಿತ್ತು. ಅದರ ಮೇಲೂ ಸಿಟ್ಟು ಬಂತು.

ಮಾವ ಕಟ್ಟೆಯ ಮೇಲೆ ಕೂತಿದ್ದರು. ನಾನು ಪೇಪರು ಬಿಚ್ಚಿ ಅವರ ಮುಂದೆ ಹಿಡಿದೆ.

"ಮಾಮಾ, ಇದು ಗಾಡಿ ಎಣ್ಣಿ ರೀ. ಗಾಡಿ ಸೋರ್ಲತಿತ್ತು. ನೀವು ಖರೇನೇ ಹೇಳಿದ್ರಿ. ನಂದು ತಪ್ಪಾತು, ಭಾಳ ತಪ್ಪಾತು."

ಅವರು ಪೇಪರು ನೋಡಿದರು, ನನ್ನನ್ನು ನೋಡಿದರು, ಮಾತಾಡಲಿಲ್ಲ. ಸಿಟ್ಟಿರಬೇಕು, ಇರಲಿ ಎಂದುಕೊಂಡೆ. ಆಮೇಲೆ ಅವರ ಎಡಗೆನ್ನೆ ಉಬ್ಬಿದ್ದು ಕಂಡಿತು.

ಅವರು ನಿಧಾನಕ್ಕೆ ಎದ್ದು ಗೇಟಿನ ಆಚೆ ಮೋರಿಯ ತನಕ ಹೋಗಿ ಉಗುಳಿ ಬಂದರು. ಹೂವಿನ ಗಿಡದ ನಳದಲ್ಲಿ ಎರಡು ಸಲ ಬಾಯಿ ಮುಕ್ಕಳಿಸಿದರು. ಟವೆಲ್ಲಿನಿಂದ ತುಟಿ ಒರೆಸಿಕೊಂಡು ಮತ್ತೆ ಕಟ್ಟೆಯ ಮೇಲೆ ಕೂತರು.

"ಗಾಡಿ ದುರಸ್ತಿ ಆತಾ?"

"ಆತ್ರಿ."

"ಛಲೋ ಆತು. ಅದು ಗಾಡಿದು. ಈಗಿಂದು ಮಾತ್ರ ನಂದವ್ವಾ," ಎಂದರು. ಬೈಗುಳ ಇರಲಿಲ್ಲ ದನಿಯಲ್ಲಿ. "ಏಳು ತಿಂಗಳು ಬಿಟ್ಟಿದ್ದೆ. ತಿಂದಂವ ಅಂತ ಹೆಸರಂತೂ ಬಂತು. ಮುಂಜಾನೆ ಚೌಕಕ್ಕ ಹೋಗಿ, ಕಟ್ಟಪಾ ಒಂದು ಪಾನ್ ಅಂದೆ."

ನನಗೆ ಅಲ್ಲೇ ಕೂತು ಅಳಬೇಕು ಅನ್ನಿಸಿತು. ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ಪ್ರೇಮಲಾ. ಸ್ಪೀಕರಿನಲ್ಲಿ ಅವಳ ಒಡೆದ ದನಿ ಅಂಗಳಕ್ಕೆಲ್ಲ ಕೇಳಿಸಿತು.

"ವೈನಿ, ಇವತ್ತೂ ಉಗುಳ್ಯಾರೇನು?"

ಮಾವ ನನ್ನ ಮುಖ ನೋಡುತ್ತಿದ್ದರು.

"ಹೂಂ, ಇವತ್ತ ಉಗುಳ್ಯಾರ," ಎಂದೆ. "ನಿನ್ನಿ ತನಕ ಒಂದು ಹನೀನೂ ಅವರದಲ್ಲ. ಇವತ್ತಿಂದು ನಾ ತಿನ್ನಿಸಿದ್ದು."