ನಾಲ್ಕಡಿ ನೀರು

ನೀರನ್ನು ಒಮ್ಮೆಲೇ ಸುರಿದರೆ ತಳದ ಮಣ್ಣು ಕದಡಿ ನೆಟ್ಟ ಗಿಡಗಳೆಲ್ಲ ಕಿತ್ತುಕೊಂಡು ತೇಲುತ್ತವೆ ಎಂದು ಸಾಕುಮೀನಿನ ಅಂಗಡಿಯ ಮೇಷ್ಟ್ರು ಎಚ್ಚರಿಸಿದ್ದರು. ಅದಕ್ಕೇ ತಂಗಿ ಗಾಜಿನ ತೊಟ್ಟಿಯೊಳಗೆ ಊಟದ ತಟ್ಟೆಯೊಂದನ್ನು ಬೋರಲು ಹಾಕಿ, ಅದರ ಬೆನ್ನ ಮೇಲೆ ಚೊಂಬು ಚೊಂಬಾಗಿ ನೀರು ಬಿಡುತ್ತಿದ್ದಳು. ನಾಲ್ಕು ಅಡಿ ಉದ್ದದ ತೊಟ್ಟಿ. ನಲ್ಲಿ ನೀರಿನ ಔಷಧಿ ವಾಸನೆ ಹೋಗಲಿ ಎಂದು ಎರಡು ದಿನದಿಂದ ಮನೆಯಲ್ಲಿದ್ದ ಬಕೆಟ್ಟು, ಕೊಳಗ, ಬೋಗುಣಿಗಳಲ್ಲೆಲ್ಲ ನೀರು ತುಂಬಿಟ್ಟಿದ್ದಳು. ಕಾಲಿಡಲು ಜಾಗವಿರಲಿಲ್ಲ.

ಮಂಚದ ಮೇಲಿಂದ ಅಕ್ಕ ಚಮಚೆಯಲ್ಲಿ ಕಬ್ಬಿಣದ ಕಂಬಿಗೆ ಟಣ್ ಎಂದು ಒಂದು ಸಲ ಬಡಿದಳು. ತಂಗಿ ಚೊಂಬು ನಿಲ್ಲಿಸಿ ತಿರುಗಿ ನೋಡಿದಳು.

"ಎಡಗಡೆ... ಗಿಡ ಒಂದು... ವಾಲಿದೆ."

ತಂಗಿ ರವಿಕೆಯ ತೋಳು ಮಡಚಿ ಕೈ ಇಳಿಬಿಟ್ಟು ಗಿಡವನ್ನು ಮಣ್ಣಿಗೆ ಒತ್ತಿದಳು. ಟಣ್ ಟಣ್. ಒಂದು ಸಲ ಬಡಿದರೆ ನಿಲ್ಲು, ಎರಡು ಸಲ ಬಡಿದರೆ ಹೊರಡು ಎಂದರ್ಥ. ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಅಕ್ಕನಿಗೆ, ಮೂರು ಮಾತಿಗೆ ಉಸಿರು ಮುಗಿಯುವ ಕಾಲ ಬಂದಾಗ, ಹಳೆಯ ಭಾಷೆಯೇ ನೆರವಿಗೆ ಬಂದಿತ್ತು.

ಶ್ವಾಸಕೋಶ ಎರಡೂ ಕೆಟ್ಟಿದ್ದವು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ದೊಡ್ಡ ಡಾಕ್ಟರು ತಂಗಿಯನ್ನು ಪಕ್ಕಕ್ಕೆ ಕರೆದು, "ಎರಡು ತಿಂಗಳು ಅಂತ ಇಟ್ಕೊಳ್ಳಿ" ಎಂದಿದ್ದರು. ಅಕ್ಕ ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಮನೆಗೆ ಬಂದ ಮೂರನೇ ದಿನ ಎದುರಿನ ಗೋಡೆ ನೋಡುತ್ತಾ, "ದಿನಕ್ಕೆ ಸಾವಿರ ಜನರ... ಮುಖ ನೋಡ್ತಿದ್ದೆ... ಕಣೇ ಪುಟ್ಟಿ. ಈ ಗೋಡೆ... ಕಣ್ಣೂ ಮಿಟುಕಿಸಲ್ಲ" ಎಂದಳು. ಆಮೇಲೆ ಒಂದೇ ಒಂದು ಆಸೆ ಹೇಳಿದಳು, ಮಂಚದ ಎದುರಿಗೊಂದು ಮೀನಿನ ತೊಟ್ಟಿ ಬೇಕು. ಅವಳ ಬಸ್ಸು ನಿಲ್ಲುತ್ತಿದ್ದ ಕಡೆ ಒಂದು ಸಾಕುಮೀನಿನ ಅಂಗಡಿ ಇತ್ತು. ಕಿಟಕಿಯಲ್ಲಿ ಹಸಿರು ಗಿಡಗಳ ನಡುವೆ ಮೀನು ಓಡಾಡುವುದನ್ನು ದಿನಾ ಎರಡು ನಿಮಿಷ ನೋಡುತ್ತಿದ್ದಳು. ಪೂರ್ತಿ ನೋಡಲು ಎಂದೂ ಪುರಸೊತ್ತಾಗಿರಲಿಲ್ಲ.

ಆ ಅಂಗಡಿಯವರೇ ಮೇಷ್ಟ್ರು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿ ಮೀನಿನ ಹುಚ್ಚಿಗೆ ಬಿದ್ದವರು. "ಮಕ್ಕಳಿಗಿಂತ ಇವು ವಾಸಿ ಅಮ್ಮಾ. ಬಾಯಿ ಆಡಿಸ್ತಾವೆ, ಸದ್ದಿಲ್ಲ" ಎಂದು ನಗುತ್ತಿದ್ದರು. ಗಿಡ ಕೊಟ್ಟರು, ಮಣ್ಣು ಕೊಟ್ಟರು. ಮೀನು ಮಾತ್ರ ಕೊಡಲಿಲ್ಲ.

"ಆರು ವಾರ ಬಿಟ್ಟು ಬನ್ನಿ."

"ಆರು ವಾರಾನಾ ಮೇಷ್ಟ್ರೇ?"

"ಹೊಸ ನೀರು ಅಂದ್ರೆ ಹೊಸ ಮನೆ ಇದ್ದ ಹಾಗೆ, ಒಲೆ ಹೂಡಿರಲ್ಲ. ಮೀನಿನ ಹೊಲಸು ಮೀನಿಗೇ ವಿಷ. ಅದನ್ನ ತಿನ್ನೋ ಸಣ್ಣ ಜೀವಗಳು ಈ ಫಿಲ್ಟರ್ ಸ್ಪಂಜಲ್ಲಿ ಮನೆ ಮಾಡ್ಬೇಕು. ನೋಡಿ, ನನ್ನ ತೊಟ್ಟಿದೇ ಒಂದು ಚೂರು ಕೊಡ್ತೀನಿ. ಹಾಲಿಗೆ ಹೆಪ್ಪು ಅಂತ ತಿಳ್ಕೊಳ್ಳಿ. ದಿನಾ ಒಂದು ಚಿಟಿಕೆ ಮೀನಿನ ಆಹಾರ ಉದುರಿಸಿ, ಅವು ಬದುಕ್ತಾವೆ. ಸ್ಪಂಜು ಮಾತ್ರ ಮುಟ್ಟಬೇಡಿ."

ತಂಗಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಎರಡು ತಿಂಗಳಲ್ಲಿ ಒಂದು ವಾರ ಕಳೆದಿತ್ತು. ಆರು ಹೋದರೂ ಒಂದೂವರೆ ವಾರ ಉಳಿಯುತ್ತದೆ.

ಮೂರನೇ ವಾರಕ್ಕೆ ಎಲೆಗಳು ಕೊಳೆತು ಲೋಳೆಯಾದವು. ನೀರು ಹಾಲು ಬೆರೆಸಿದಂತೆ ಮಬ್ಬಾಯಿತು. ಅಕ್ಕ ಅದನ್ನೂ ನೋಡುತ್ತಿದ್ದಳು, ಬೆಟ್ಟದ ದಾರಿಯ ಮಂಜು ಇದ್ದ ಹಾಗಿದೆ ಎನ್ನುತ್ತಿದ್ದಳು. ಐದನೇ ವಾರದಲ್ಲಿ ನೀರು ತಿಳಿಯಾಗಿ, ಬುಡದಿಂದ ಚಿಕ್ಕ ಹೊಸ ಎಲೆಗಳು ಬಂದವು. ಅಷ್ಟರಲ್ಲಿ ಅಕ್ಕನಿಗೆ ಮೂರು ಮಾತು ಹೋಗಿ ಎರಡಕ್ಕೆ ಇಳಿದಿತ್ತು. ಚಮಚೆ ಎತ್ತುವುದೂ ಭಾರವಾಗಿತ್ತು.

ಮೀನು ಬರುವ ಹಿಂದಿನ ದಿನ ತಂಗಿ ಮನೆಯನ್ನೆಲ್ಲ ತೊಳೆದಳು. ನೆಂಟರು ಬರುವ ಮನೆಯಂತೆ ನೆಲ ಉಜ್ಜಿದಳು, ಪರದೆ ಒಗೆದಳು, ಅಕ್ಕನ ಹೊದಿಕೆ ಬದಲಿಸಿದಳು. ಗಾಜು ಒರೆಸಿ ಹಿಂದೆ ಸರಿದು ನೋಡಿದಾಗ, ಅಷ್ಟು ಸ್ವಚ್ಛ ನೀರಿನ ಮೂಲೆಯಲ್ಲಿ ಆ ಸ್ಪಂಜು ಕಂಡಿತು. ಕಂದು ಬಣ್ಣದ, ಲೋಳೆ ಹಿಡಿದ, ಗಾಯದ ಬಟ್ಟೆಯಂಥ ಸ್ಪಂಜು.

ತಂಗಿ ಮೂವತ್ತು ವರ್ಷ ದುಡಿದದ್ದು ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ. ರಕ್ತ, ಕೀವು, ವಾಂತಿ, ಎಂಥ ಕಲೆಯ ಬಟ್ಟೆ ಬಂದರೂ ಬಿಳಿಯಾಗದೆ ಅವಳ ಕೈ ದಾಟಿ ಹೋದದ್ದಿಲ್ಲ. ಮೇಷ್ಟ್ರ ಮಾತು ನೆನಪಿರಲಿಲ್ಲ ಎಂದಲ್ಲ, ನೆನಪಿತ್ತು. ಆದರೆ ಆ ಹೊಲಸನ್ನು ಉಸಿರು ಕಟ್ಟುತ್ತಿರುವ ಜೀವದ ಎದುರು ಹೇಗೆ ಬಿಡುವುದು? ಒಂದು ಸಲ ಒಗೆದರೆ ಏನಾದೀತು? ಮೇಷ್ಟ್ರು ಗಂಡಸು, ಗಂಡಸರಿಗೆ ಕೊಳೆ ಎಲ್ಲಿ ಕಾಣುತ್ತದೆ?

ಬ್ಲೀಚಿಂಗ್ ಪುಡಿಯಲ್ಲಿ ನೆನೆಸಿ, ಹಿಂಡಿ, ಏಳು ನೀರಿನಲ್ಲಿ ಜಾಲಿಸಿ, ವಾಸನೆ ನೋಡಿ, ಮತ್ತೆರಡು ಸಲ ಜಾಲಿಸಿದಳು. ಸ್ಪಂಜು ಹೊಸದರಂತೆ ಬೆಳ್ಳಗಾಯಿತು. ಎಷ್ಟೋ ದಿನದ ಮೇಲೆ ಅವಳಿಗೆ ತನ್ನ ಕೈಯಿಂದ ಒಂದು ಕೆಲಸ ನೆಟ್ಟಗಾಯಿತು ಅನ್ನಿಸಿತು.

ಮರುದಿನ ಮೇಷ್ಟ್ರೇ ಮೀನು ತಂದರು. ಇಪ್ಪತ್ತು ಪುಟ್ಟ ಮೀನು, ಬೆನ್ನ ಮೇಲೆ ಒಂದೊಂದು ನೀಲಿ ಗೆರೆ. ನೀರು ನೋಡಿ, "ಕನ್ನಡಿ ಕಣ್ರಮ್ಮಾ" ಎಂದರು. ಗಿಡಗಳ ಹಿಂದಿದ್ದ ಸ್ಪಂಜನ್ನು ಅವರು ಗಮನಿಸಲಿಲ್ಲ. ಅಕ್ಕನನ್ನು ದಿಂಬಿಗೆ ಒರಗಿಸಿ ಕೂರಿಸಿದರು. ಮೀನುಗಳು ಗಿಡದ ಸಂದಿಯಿಂದ ಸಂದಿಗೆ ಓಡಿದವು. ಅಕ್ಕ ಎರಡು ದಿನ ಕಣ್ಣು ಕೀಳಲಿಲ್ಲ. ಊಟದ ತುತ್ತಿಡುವಾಗ ತಂಗಿಯ ಕೈ ಅಡ್ಡ ಬಂದರೆ ಟಣ್ ಎಂದು ಬಡಿಯುತ್ತಿದ್ದಳು.

ಮೂರನೇ ದಿನ ಮಧ್ಯಾಹ್ನ ಅಡುಗೆಮನೆಗೆ ಅಕ್ಕ ನಕ್ಕದ್ದು ಕೇಳಿಸಿತು. ನಕ್ಕಳು, ಕೆಮ್ಮಿದಳು, ಮತ್ತೆ ನಕ್ಕಳು.

"ನೋಡೆ ಪುಟ್ಟಿ... ಎಲ್ಲಾ ಬಾಗಿಲಲ್ಲೇ... ನಿಂತಿವೆ. ಒಳಗೆ... ಜಾಗ ಖಾಲಿ."

ಇಪ್ಪತ್ತೂ ಮೀನು ನೀರಿನ ಮೇಲ್ತುದಿಯಲ್ಲಿ ಗುಂಪಾಗಿ, ಮೂತಿ ಮೇಲೆತ್ತಿ, ಬಾಯಿ ತೆರೆದು ಮುಚ್ಚುತ್ತಿದ್ದವು. ಕೆಳಗಿನ ನೀರೆಲ್ಲ ಬರಿದಾಗಿತ್ತು. ತಂಗಿ ಮೀನುಗಳನ್ನು ನೋಡಿದಳು, ಆಮೇಲೆ ಅಕ್ಕನ ಬಾಯಿ ನೋಡಿದಳು. ತೆರೆಯುವುದು, ಮುಚ್ಚುವುದು. ಫೋನಿಗೆ ಓಡಿದಳು.

ಮೇಷ್ಟ್ರು ಮೊದಲು ಕೇಳಿದ್ದೇ ಇದು. "ಸ್ಪಂಜು ಮುಟ್ಟಿದ್ರಾ?"

"ಒಗೆದೆ."

"ಬರೀ ನೀರಲ್ಲಾ?"

"ಬ್ಲೀಚಲ್ಲಿ."

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅರ್ಧ ನೀರು ಬದಲಿಸಿ ನೋಡಿ ಅಮ್ಮಾ. ಉಳಿದ್ರೆ ಉಳೀತಾವೆ. ಇಲ್ಲಾಂದ್ರೆ ಮತ್ತೆ ಹೆಪ್ಪು ಕೊಡ್ತೀನಿ. ಇನ್ನೊಂದು ಆರು ವಾರ..."

"ಅಷ್ಟು ದಿನ ಇಲ್ಲ ಮೇಷ್ಟ್ರೇ," ಎಂದು ತಂಗಿ ಫೋನಿಟ್ಟಳು.

ಮನೆಯಲ್ಲಿ ವಾಸನೆ ಹೋಗಲೆಂದು ತುಂಬಿಟ್ಟ ನೀರು ಎರಡೇ ಬಕೆಟ್ಟಿತ್ತು. ಅದನ್ನು ಹಾಕಿದಳು. ನಲ್ಲಿ ತಿರುಗಿಸಿದರೆ ಮೂವತ್ತು ವರ್ಷ ಮೂಗಿಗೆ ಹತ್ತಿದ ಅದೇ ಬ್ಲೀಚಿನ ವಾಸನೆ ಬಂತು. ತಿರುಗಿಸಿದ ನಲ್ಲಿಯನ್ನು ಮತ್ತೆ ನಿಲ್ಲಿಸಿದಳು.

ಬೆಳಗ್ಗೆ ಅಕ್ಕ ಏಳುವ ಮೊದಲೇ ತಂಗಿ ಚಹಾ ಸೋಸುವ ಜಾಲರಿಯಲ್ಲಿ ಸತ್ತು ತೇಲುತ್ತಿದ್ದ ಮೀನುಗಳನ್ನೆಲ್ಲ ಎತ್ತಿ, ಒಗೆದ ಬಿಳಿ ವಸ್ತ್ರದಲ್ಲಿ ಸುತ್ತಿ, ಹಿತ್ತಲಲ್ಲಿ ಮುಚ್ಚಿ ಬಂದಳು. ಅಕ್ಕ ಕಣ್ಣು ತೆರೆದಾಗ ತೊಟ್ಟಿಯ ಮುಂದೆ ಒರೆಸುವ ಬಟ್ಟೆ ಹಿಡಿದು ನಿಂತಿದ್ದಳು.

"ಗಿಡದ ಹಿಂದೆ ಮಲಗಿವೆ ಅಕ್ಕ."

ಅಕ್ಕ ತುಂಬಾ ಹೊತ್ತು ನೋಡಿದಳು. ಗಿಡಗಳ ಹಿಂದೆ ಗೋಡೆಯ ಬಿರುಕಿನ ತನಕ ಎಲ್ಲ ಕಾಣುವಷ್ಟು ನೀರು ತಿಳಿಯಾಗಿತ್ತು.

"ಡಿಪೋಗೆ... ಹೋದ್ವೇನೆ?"

ತಂಗಿ ತಿರುಗಿಕೊಂಡು ಗಾಜು ಒರೆಸತೊಡಗಿದಳು. ಹೊರಗೆ ಒರೆಸಿದ ಮೇಲೆ ತೋಳು ಮಡಚಿ ಒಳಗೆ ಕೈ ಇಳಿಬಿಟ್ಟಳು. ಗಾಜಿನ ಮೇಲೆ ಒಂದು ಕಪ್ಪು ಚುಕ್ಕೆ ಇತ್ತು. ಬಟ್ಟೆ ಅದರ ಹತ್ತಿರ ಹೋಯಿತು.

ಟಣ್.

ತಂಗಿಯ ಕೈ ನೀರಿನಲ್ಲೇ ನಿಂತಿತು. ಬಗ್ಗಿ ನೋಡಿದಳು. ಚುಕ್ಕೆ ಸರಿಯಿತು. ಸಾಸಿವೆ ಕಾಳಿನಷ್ಟು ಬಸವನಹುಳು, ಯಾವ ಗಿಡದ ಬೇರಿಗೆ ಅಂಟಿಕೊಂಡು ಬಂದಿತ್ತೋ, ಗಾಜನ್ನು ಹಿಡಿದುಕೊಂಡು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮೇಲಕ್ಕೆ ಹತ್ತುತ್ತಿತ್ತು. ಅಕ್ಕನ ಕಣ್ಣು ಅದರ ಮೇಲಿತ್ತು. ಚಮಚೆ ಹಿಡಿದ ಕೈ ಕಂಬಿಯ ಪಕ್ಕದಲ್ಲೇ ಬಿದ್ದಿತ್ತು.

ತಂಗಿ ತೋಳು ತೊಯ್ಯುತ್ತಿದ್ದರೂ ಕದಲದೆ, ಇನ್ನೆರಡು ಸದ್ದಿಗಾಗಿ ಕಾಯುತ್ತಾ ನಿಂತಳು.