ಕಾರಿನೊಳಗೆ ಕೇಳಿಸಿದ ಮಾತು

ಟ್ಯಾಡ್ ವೊಯ್ಚಿಕ್‌ನ ಗಂಟಲಿನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಮುಗಿದು ಏಳು ತಿಂಗಳಾಗಿತ್ತು. ಪ್ರಾಣ ಉಳಿಯಿತು, ದನಿ ಹೋಯಿತು. ಪೂರ್ತಿ ಹೋಗಲಿಲ್ಲ, ಒಣಗಿದ ಎಲೆ ನೆಲಕ್ಕೆ ಉಜ್ಜಿದರೆ ಬರುವಷ್ಟು ಸದ್ದು ಉಳಿಯಿತು. ಸ್ಯಾಗಿನಾ ಊರಿನ ಎರಕದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕುಲುಮೆಗಳ ಅಬ್ಬರವನ್ನು ಮೀರಿಸಿ ಕೂಗಿ ಮಾತಾಡಿದ್ದ ಮನುಷ್ಯ ಅವನು. ಈಗ ಅಡುಗೆಮನೆಯಲ್ಲಿ ಅವನು ಏನಾದರೂ ಹೇಳಬೇಕೆಂದರೆ ಹೆಂಡತಿ ಲಿಯೋನಾ ನಲ್ಲಿ ನಿಲ್ಲಿಸಿ, ಫ್ಯಾನು ಆರಿಸಿ, ಅವನ ಬಾಯಿಯ ಹತ್ತಿರ ಬಗ್ಗಬೇಕಾಗಿತ್ತು.

ಮನೆಯಲ್ಲಿ ಹೇಗೋ ನಡೆಯುತ್ತಿತ್ತು. ನಡೆಯದೆ ಹೋದದ್ದು ಕಾರಿನಲ್ಲಿ.

ಅದು ೧೯೬೯ರ ಕಾರು. ಎರಡೇ ಬಾಗಿಲು, ಉದ್ದನೆಯ ಮೂತಿ, ಎಂಟು ಸಿಲಿಂಡರಿನ ಎಂಜಿನ್. ಮದುವೆಗೆ ಮೊದಲೇ ಟ್ಯಾಡ್ ಅದನ್ನು ಕೊಂಡಿದ್ದ. ಬೇಸಿಗೆಯ ಪ್ರತಿ ಶನಿವಾರ ಇಬ್ಬರೂ ಅದರಲ್ಲಿ ಹ್ಯೂರನ್ ಸರೋವರದ ದಡದ ಕೇಸ್‌ವಿಲ್‌ಗೆ ಹೋಗಿ, ಕರಿದ ಮೀನು ತಿಂದು, ಸಂಜೆಯೊಳಗೆ ಮನೆಗೆ ಮರಳುತ್ತಿದ್ದರು. ಅದರೊಳಗೆ ಕೂತರೆ ಡೋಲಿನ ಹೊಟ್ಟೆಯೊಳಗೆ ಕೂತ ಹಾಗೆ. ಜಗಳವೋ ಸಲ್ಲಾಪವೋ, ನಲವತ್ತು ವರ್ಷ ಎಲ್ಲವನ್ನೂ ಅವರು ಆ ಕಾರಿನಲ್ಲಿ ಕೂಗಿಕೊಂಡೇ ನಡೆಸಿದ್ದರು.

ಮೇ ತಿಂಗಳ ಮೊದಲ ಶನಿವಾರ ಲಿಯೋನಾಳೇ ಓಡಿಸಿದಳು. ಇಪ್ಪತ್ತೆರಡು ವರ್ಷ ಶಾಲೆಯ ಬಸ್ಸು ಓಡಿಸಿದ ಕೈ ಅವಳದು. ಊರು ದಾಟಿದ ಮೇಲೆ ಟ್ಯಾಡ್‌ನ ತುಟಿ ಅಲ್ಲಾಡಿತು. ಏನು ಎಂದಳು. ಮತ್ತೆ ಅಲ್ಲಾಡಿತು. ನಾಲ್ಕು ಸಲ ಕೇಳಿದಳು. ಗಾಡಿ ಪಕ್ಕಕ್ಕೆ ನಿಲ್ಲಿಸಲು ಹೋದರೆ ಬೇಡವೆಂದು ಕೈಯಾಡಿಸಿ ಮುಖ ಕಿಟಕಿಯತ್ತ ತಿರುಗಿಸಿದ. ಹೋಗುವಾಗಲೂ ಬರುವಾಗಲೂ ಮತ್ತೆ ಬಾಯಿ ತೆರೆಯಲಿಲ್ಲ.

ಮರುದಿನ ಅವಳು ಕಾರಿನ ಸದ್ದು ಅಡಗಿಸುವ ಮಾತೆತ್ತಿದಳು. ಅವನಿಗೆ ಸಿಟ್ಟು ಬಂತು. ಆ ಸದ್ದಿಗಾಗಿಯೇ ತಾನು ಅದನ್ನು ಕೊಂಡದ್ದು, ಅದನ್ನು ತೆಗೆದರೆ ಉಳಿಯುವುದು ಬರೀ ಡಬ್ಬ ಎಂದ. ಲಿಯೋನಾ ಬಿಡಲಿಲ್ಲ. ಹೊರಗಡೆಯ ಸದ್ದನ್ನು ತಾನು ಮುಟ್ಟುವುದಿಲ್ಲ, ಹೊಗೆಕೊಳವೆ ಎಷ್ಟು ಬೇಕಾದರೂ ಗುಡುಗಿಕೊಳ್ಳಲಿ, ಒಳಗಿನದಷ್ಟೇ ತನಗೆ ಬೇಕು ಎಂದು ಅವಳು ಮೂರು ದಿನ ಪಟ್ಟು ಹಿಡಿದಳು. ಕಡೆಗೆ ಅವನು ಹೆಗಲು ಕುಣಿಸಿ ಒಪ್ಪಿದ.

ಪಕ್ಕದ ಬೀದಿಯ ಅರ್ವಿನ್ ಪೀಕ್, ಕಾರುಗಳಿಗೆ ಸೀಟು ಹೊಲಿದು ಬದುಕಿದವನು. ಅವನು ಬಂದು, ಸೀಟು, ಕಾರ್ಪೆಟ್ಟು ಎಲ್ಲ ಬಿಚ್ಚಿಸಿ ಹೊರಗಿಡಿಸಿದ. ಬರಿಯ ತಗಡಿನ ನೆಲಕ್ಕೆ ಬೆರಳ ಗೆಣ್ಣಿನಿಂದ ಬಡಿದ. ಟಣ್ ಎಂದಿತು.

“ನೋಡಿ ಲಿಯೋನಾ, ಇದು ನೆಲ ಅಲ್ಲ, ಗಂಟೆ. ಎಂಜಿನ್ ಕೆಮ್ಮಿದ್ರೂ ಸಾಕು, ಇದು ಹಾಡೋಕೆ ಶುರು ಮಾಡುತ್ತೆ,” ಎಂದ.

ಮೂರು ವಾರ ಹಿಡಿಯಿತು. ನೆಲದಲ್ಲಿ ಅಲ್ಲಲ್ಲಿ ಅಂಟಿಕೊಂಡು ಕಲ್ಲಿನಂತಾಗಿದ್ದ ಹಳೆಯ ಡಾಂಬರು ಹಾಳೆಗಳನ್ನು ಲಿಯೋನಾ ಉಳಿ ಹಿಡಿದು ಎಬ್ಬಿಸಿದಳು. ತುಕ್ಕು ಉಜ್ಜಿ, ಸ್ಪಿರಿಟ್ಟಿನಿಂದ ಒರೆಸಿ, ಅಂಟಿನ ರಬ್ಬರ್ ಹಾಳೆಗಳನ್ನು ನೆಲಕ್ಕೂ ಬಾಗಿಲುಗಳ ಒಳಮೈಗೂ ಹಚ್ಚಿ, ಗಾಳಿಗುಳ್ಳೆ ಉಳಿಯದಂತೆ ಪುಟ್ಟ ಉರುಳೆಯಿಂದ ಒತ್ತಿದಳು. ಮೇಲೆ ದಪ್ಪ ಸ್ಪಂಜು ಹಾಸಿದಳು. ಎಂಜಿನ್ನನ್ನೂ ಗೇರ್‌ಪೆಟ್ಟಿಗೆಯನ್ನೂ ಹೊತ್ತಿದ್ದ ರಬ್ಬರ್ ದಿಂಬುಗಳು ಬಿರಿದುಹೋಗಿದ್ದವು. ಅರ್ವಿನ್ ಹೊಸವನ್ನು ಕೂರಿಸಿದ. ಬಾಗಿಲ ಅಂಚಿಗೆ ಹೊಸ ರಬ್ಬರ್ ಪಟ್ಟಿ ಬಂತು. ಅವಳ ಮೊಣಕಾಲು ಬಾತುಕೊಂಡವು, ಉಗುರುಗಳ ಸಂದಿಯ ಕಪ್ಪು ಭಾನುವಾರದ ಪೂಜೆಗೆ ಚರ್ಚಿಗೆ ಹೋದಾಗಲೂ ಹೋಗಿರಲಿಲ್ಲ.

ಟ್ಯಾಡ್ ಮೊದಮೊದಲು ಕಾರಿದ್ದ ಶೆಡ್ಡಿನತ್ತ ಸುಳಿಯಲಿಲ್ಲ. ಆಮೇಲೆ ಸ್ಟೂಲು ತಂದುಕೊಂಡು ಕೂತ. ಅವಳು ಹಾಳೆ ಒತ್ತಿದ ಮೇಲೆ ಬಗ್ಗಿ ಬಡಿದು ನೋಡುವನು. ದಪ್ ಎಂದರೆ ತಲೆಯಾಡಿಸುವನು. ಎಲ್ಲ ಮುಗಿದ ಮೇಲೂ ಎಲ್ಲಿಂದಲೋ ಎಂಜಿನ್ನಿನ ಮೊರೆತ ನುಗ್ಗುತ್ತಲೇ ಇತ್ತು. ಅರ್ವಿನ್ ಅರ್ಧ ದಿನ ಹುಡುಕಿ ಸೋತ. ಟ್ಯಾಡ್ ಪ್ರಯಾಸಪಟ್ಟು ಮಂಡಿಯೂರಿ, ಕ್ಲಚ್ಚಿನ ಪೆಡಲಿನ ಹಿಂದಿನ ತಗಡಿನಲ್ಲಿದ್ದ ರಂಧ್ರವನ್ನು ಬೆರಳಿಟ್ಟು ತೋರಿಸಿದ. ಯಾವುದೋ ಕಾಲದಲ್ಲಿ ತಂತಿ ಎಳೆಯಲು ಅವನೇ ಕೊರೆದು ಮರೆತದ್ದು. ಅದನ್ನು ಮುಚ್ಚಿದ ಮೇಲೆ ಅರ್ವಿನ್, “ಇದನ್ನ ಮೊದಲೇ ಹೇಳಬಾರದಿತ್ತೇನಯ್ಯಾ?” ಎಂದ. ಟ್ಯಾಡ್ ನಗುತ್ತಾ ತನ್ನ ಗಂಟಲು ತೋರಿಸಿದ.

ಜೂನ್ ತಿಂಗಳ ಮೂರನೆಯ ಶನಿವಾರ ಹೊರಟರು. ಹೊರಗೆ ಗುಡುಗು ಹಾಗೆಯೇ ಇತ್ತು, ಸಿಗ್ನಲ್ಲಿನಲ್ಲಿ ಜನ ತಿರುಗಿ ನೋಡಿದರು. ಒಳಗೆ ಮಾತ್ರ ಅದು ದೂರದ ಹೊಲದಲ್ಲಿ ಟ್ರ್ಯಾಕ್ಟರ್ ನಡೆದಂತಿತ್ತು. ಟ್ಯಾಡ್ ಮಾತಾಡಿದ. ಅವಳು ಗೇರು ಬದಲಿಸುವುದು ಇವತ್ತಿಗೂ ಬಸ್ಸಿನ ಗೇರು ಬದಲಿಸಿದ ಹಾಗೇ ಎಂದು ಗೊಣಗಿದ. ಅವಳಿಗೆ ಒಂದೊಂದು ಮಾತೂ ಕೇಳಿಸಿತು. ಕಣ್ಣು ತುಂಬಿದ್ದು ಅವನಿಗೆ ಕಾಣದಿರಲೆಂದು ರಸ್ತೆಯನ್ನೇ ನೋಡಿದಳು.

ಬೀಟ್‌ಗೆಡ್ಡೆಯ ಹೊಲಗಳು ಶುರುವಾದ ಮೇಲೆ ಅವನು ಸೀಟಿನಲ್ಲಿ ಅವಳತ್ತ ತಿರುಗಿ ಕೂತ. ಏಪ್ರಿಲ್‌ನಲ್ಲಿ ರೋಗ ಶ್ವಾಸಕೋಶಕ್ಕೆ ಇಳಿದಿರುವುದು ಕಂಡಿತ್ತು. ಆರು ಸರದಿ ಕೀಮೋ ಔಷಧಿ ಎಂದಿದ್ದರು ವೈದ್ಯರು, ಎರಡು ಮುಗಿದಿದ್ದವು. ಒಂದೊಂದು ಸರದಿಯೂ ಅವನನ್ನು ವಾರಗಟ್ಟಲೆ ಹಾಸಿಗೆಗೆ ಕೆಡವಿತ್ತು. ಗುರುವಾರ ಮೂರನೆಯದು.

“ಗುರುವಾರ ನಾನು ಹೋಗಲ್ಲ ಕಣೇ,” ಎಂದ. “ಆಮೇಲಿಂದಕ್ಕೂ ಹೋಗಲ್ಲ.”

ಕೇಳಿಸಲಿಲ್ಲ ಎನ್ನುವಂತಿರಲಿಲ್ಲ. ಇನ್ನು ನಾಲ್ಕೇ ಇವೆ, ವೈದ್ಯರೇ ಆಸೆ ಬಿಟ್ಟಿಲ್ಲ ಎಂದು ವಾದಿಸಿದಳು. ಅವನು ಪೂರ್ತಿ ಕೇಳಿದ. ಈ ಬೇಸಿಗೆ ತನಗೆ ಬೇಕು, ವಾಂತಿ ಮಾಡುತ್ತಾ ಮಂಚದ ಮೇಲೆ ಕಳೆಯಲಾರೆ ಎಂದ. ಅವಳು ರೇಗಿದಳು, ನನ್ನ ಗತಿ ಏನು ಎಂದು ಕೇಳಿದಳು. ಅವನು ಅವಳ ಮೊಣಕಾಲ ಮೇಲೆ ಕೈಯಿಟ್ಟ. ಕೇಸ್‌ವಿಲ್‌ನಲ್ಲಿ ಮೀನು ತರಿಸಿದರು. ಅವನು ಎರಡು ತುಂಡು ತಿಂದ, ಅವಳು ಮುಟ್ಟಲಿಲ್ಲ.

ಮರಳುವ ದಾರಿಯಲ್ಲಿ ಅವನು ಇನ್ನೊಂದು ಕೇಳಿದ. “ಫೋನಲ್ಲಿ ನನ್ನ ದನಿ ಯಾರಿಗೂ ಕೇಳಲ್ಲ. ಆಸ್ಪತ್ರೆಗೆ ನೀನೇ ಹೇಳ್ಬೇಕು, ಲಿಯೋನಾ.”

ಅವಳು ಭಾನುವಾರವಿಡೀ ಅವನೊಂದಿಗೆ ಮಾತು ಬಿಟ್ಟಳು.

ಸೋಮವಾರ ಬೆಳಗ್ಗೆ ಅವನೆದುರಿಗೇ ಕೂತು ಆಸ್ಪತ್ರೆಗೆ ಫೋನು ಮಾಡಿದಳು. ಗುರುವಾರದ್ದು ಬೇಡ, ಮುಂದಿನವೂ ಬೇಡ ಎಂದಳು. ಇದು ರೋಗಿಯದೇ ತೀರ್ಮಾನವೇ ಎಂದು ಆಚೆಯಿಂದ ನರ್ಸ್ ಕೇಳಿದಳು. ಟ್ಯಾಡ್ ಮೇಜಿನ ಮೇಲೆ ಕೈಗಳನ್ನಿಟ್ಟು ಅವಳನ್ನೇ ನೋಡುತ್ತಿದ್ದ.

“ಹೌದು, ಅವರದೇ,” ಎಂದಳು ಲಿಯೋನಾ. “ಅವರೇ ನನಗೆ ಹೇಳಿದ್ರು. ಸರಿಯಾಗೇ ಕೇಳಿಸ್ತು.”

ಆ ಬೇಸಿಗೆ ಅವರು ಇನ್ನೂ ಹನ್ನೊಂದು ಶನಿವಾರ ಕೇಸ್‌ವಿಲ್‌ಗೆ ಹೋದರು. ಕಾರ್ಖಾನೆಯಲ್ಲಿ ಕಣ್ಣೆದುರೇ ಸತ್ತ ಗೆಳೆಯನ ವಿಷಯ, ತಾಯಿ ಪೋಲಿಷ್ ಭಾಷೆಯಲ್ಲಿ ಬೈಯುತ್ತಿದ್ದ ಬೈಗುಳ, ಯಾವತ್ತೂ ಆಡಿರದ ಎಷ್ಟೋ ಮಾತುಗಳನ್ನು ಅವನು ದಾರಿಯುದ್ದಕ್ಕೂ ಆಡಿದ. ಕೊನೆಯ ಎರಡು ಸಲ ಅವನಿಗೆ ಮಾತಾಡುವಷ್ಟೂ ಉಸಿರಿರಲಿಲ್ಲ. ಆಗ ಅವಳು ಮಾತಾಡಿದಳು.